ಸಕ್ಕರೆ ಮತ್ತು ಕಾಕಂಬಿ ವ್ಯಾಪಾರದಲ್ಲಿ ಹಸಿರುಮನೆ ಅನಿಲ ಹಾಗೂ ಸೋರಿಕೆ ನಿರ್ವಹಣೆ

ಸಕ್ಕರೆ, ಕಾಕಂಬಿ ಮತ್ತು ಎಥೆನಾಲ್‌ನ ಉತ್ಪಾದನೆ, ಸಂಗ್ರಹ, ಸಾಗಣೆ ಹಾಗೂ ಮಾರಾಟದ ಹಂತಗಳಲ್ಲಿ ಹೊರಬೀಳುವ ಹಸಿರುಮನೆ ಅನಿಲಗಳನ್ನು ಅಳೆದು ಲೆಕ್ಕವಿಡುವುದು ಮತ್ತು ಈ ಸರಕುಗಳು ಹಾಗೂ ಅವುಗಳ ತ್ಯಾಜ್ಯದ್ರವಗಳು ನೆಲಕ್ಕೆ ಅಥವಾ ನೀರಿಗೆ ಸೋರದಂತೆ ತಡೆಯುವುದು ಸಕ್ಕರೆ ಉದ್ಯಮದ ಪರಿಸರ ನಿರ್ವಹಣೆಯ ಎರಡು ಮುಖ್ಯ ಭಾಗಗಳಾಗಿವೆ. ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಇವನ್ನು ಸಾಮಾನ್ಯವಾಗಿ ಬೇರೆ ಬೇರೆ ಶೀರ್ಷಿಕೆಗಳಡಿ ಕೊಡಲಾಗುತ್ತದೆ. ಆದರೆ ಕಬ್ಬಿನ ಉದ್ದಿಮೆಯಲ್ಲಿ ಎರಡಕ್ಕೂ ಮೂಲ ಒಂದೇ. ಕಾಕಂಬಿ ಮತ್ತು ಡಿಸ್ಟಿಲರಿಯ ತ್ಯಾಜ್ಯದ್ರವದಲ್ಲಿರುವ ಸಾವಯವ ಪದಾರ್ಥವು ನದಿಗೆ ಬಿದ್ದರೆ ನೀರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ತೆರೆದ ಹೊಂಡದಲ್ಲಿ ನಿಂತರೆ ಕೊಳೆತು ಮೀಥೇನ್ ಆಗಿ ಗಾಳಿಗೆ ಸೇರುತ್ತದೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಇರುವ, ಕಬ್ಬಿನ ಬೆಳೆ ಹಾಗೂ ಸಕ್ಕರೆ ಕಾರ್ಖಾನೆಗಳು ಹೆಚ್ಚುತ್ತಿರುವ ವಿಜಯಪುರ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಪ್ರಾದೇಶಿಕ ಹಿನ್ನೆಲೆ

ವಿಜಯಪುರ ಜಿಲ್ಲೆಯು ಬಹುಕಾಲ ಮಳೆಯಾಶ್ರಿತ ಬಿಳಿಜೋಳ, ತೊಗರಿ, ಕಡಲೆ ಬೆಳೆಗಳಿಗೆ ಹೆಸರಾಗಿತ್ತು. ಟಿಕೋಟಾ ಭಾಗವು ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಪ್ರಸಿದ್ಧವಾಗಿದೆ. ಆಲಮಟ್ಟಿ ಜಲಾಶಯ ಹಾಗೂ ಮುಳವಾಡ, ತುಬಚಿ–ಬಬಲೇಶ್ವರ ಮೊದಲಾದ ಏತ ನೀರಾವರಿ ಯೋಜನೆಗಳಿಂದ ಕೃಷ್ಣಾ ನೀರು ಒಣಭೂಮಿಗೆ ಹರಿದಂತೆ ಕಬ್ಬಿನ ಕ್ಷೇತ್ರವೂ ವಿಸ್ತರಿಸಿತು. ಬಬಲೇಶ್ವರ ತಾಲ್ಲೂಕಿನ ಕೃಷ್ಣಾನಗರದಲ್ಲಿರುವ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಇಂಡಿ ತಾಲ್ಲೂಕಿನ ಮರಗೂರಿನಲ್ಲಿರುವ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಜಿಲ್ಲೆಯ ಸಹಕಾರಿ ಕ್ಷೇತ್ರದ ಕಾರ್ಖಾನೆಗಳಾಗಿವೆ. ಇವಲ್ಲದೆ ಹಲವು ಖಾಸಗಿ ಕಾರ್ಖಾನೆಗಳೂ ಇವೆ. ನೆರೆಯ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಪ್ರಮುಖ ಕಬ್ಬು ಬೆಳೆಯುವ ಪ್ರದೇಶಗಳು.

ವಿಜಯಪುರ ನಗರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆಯು ರಾಷ್ಟ್ರೀಯ ಹೆದ್ದಾರಿ 52ರ ಭಾಗವಾಗಿದೆ. ಇದು ಹಿಂದೆ ಸೊಲ್ಲಾಪುರ–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 13ರ ಭಾಗವಾಗಿತ್ತು. ಹೊರ್ತಿ, ಝಳಕಿ ಮಾರ್ಗವಾಗಿ ಸಾಗುವ ಈ ರಸ್ತೆಯು ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ ಮಹಾರಾಷ್ಟ್ರವನ್ನು ಪ್ರವೇಶಿಸುತ್ತದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ. ದೂರವಿದೆ. ನಗರದ ನೈಋತ್ಯಕ್ಕಿರುವ ಬಬಲೇಶ್ವರದ ಕಡೆಗೆ ಹೋಗುವ ರಸ್ತೆಯು ಸಾರವಾಡದ ಬಳಿ ಡೋಣಿ ನದಿಯನ್ನು ದಾಟುತ್ತದೆ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟುವ ಡೋಣಿಯು ವಿಜಯಪುರ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಹೀಗೆ ಈ ಪ್ರದೇಶದ ಸರಕು ಸಾಗಣೆಯ ಮುಖ್ಯ ರಸ್ತೆಗಳೆಲ್ಲವೂ ಒಂದಲ್ಲ ಒಂದು ಕಡೆ ನದಿ ಅಥವಾ ಹಳ್ಳವನ್ನು ದಾಟಿಯೇ ಹೋಗುತ್ತವೆ.

ಸರಕುಗಳು ಮತ್ತು ಉಪಉತ್ಪನ್ನಗಳು

ಸಾಮಾನ್ಯವಾಗಿ 100 ಟನ್ ಕಬ್ಬು ನುರಿಸಿದರೆ 10ರಿಂದ 11 ಟನ್ ಸಕ್ಕರೆ, ಸುಮಾರು 4ರಿಂದ 4.5 ಟನ್ ಕಾಕಂಬಿ, 28ರಿಂದ 30 ಟನ್ ಕಬ್ಬಿನ ಸಿಪ್ಪೆ (ಬಗ್ಯಾಸ್) ಹಾಗೂ 3ರಿಂದ 4 ಟನ್ ಪ್ರೆಸ್‌ಮಡ್ ದೊರೆಯುತ್ತವೆ. ಕಬ್ಬಿನ ತಳಿ, ಕಟಾವಿನ ಕಾಲ ಮತ್ತು ಕಾರ್ಖಾನೆಯ ದಕ್ಷತೆಗೆ ಅನುಗುಣವಾಗಿ ಈ ಪ್ರಮಾಣಗಳು ಬದಲಾಗುತ್ತವೆ.

ಕಾಕಂಬಿಯು ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ನಂತರ ಉಳಿಯುವ ಕಡುಕಂದು ಬಣ್ಣದ ದಟ್ಟ ದ್ರವ. ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆಯ ಅಂಶವೇ ಇರುತ್ತದೆ. ಇದನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಎಥೆನಾಲ್ ದೊರೆಯುತ್ತದೆ. ಕೊನೆಯ ಹಂತದ ‘ಸಿ’ ದರ್ಜೆಯ ಒಂದು ಟನ್ ಕಾಕಂಬಿಯಿಂದ ಸುಮಾರು 225 ಲೀಟರ್ ಎಥೆನಾಲ್ ಬರುತ್ತದೆ. ಹೆಚ್ಚು ಸಕ್ಕರೆಯನ್ನು ಉಳಿಸಿಕೊಂಡ ‘ಬಿ’ ದರ್ಜೆಯ ಕಾಕಂಬಿಯಿಂದ ಇದಕ್ಕಿಂತ ಹೆಚ್ಚು ದೊರೆಯುತ್ತದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮವು ಭಾರತದಲ್ಲಿ 2003ರಲ್ಲಿ ಆರಂಭವಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಅದು ವೇಗ ಪಡೆಯಿತು. ಇದರಿಂದ ಒಂದು ಕಾಲದಲ್ಲಿ ಉಪಉತ್ಪನ್ನವಷ್ಟೇ ಆಗಿದ್ದ ಕಾಕಂಬಿಯು ಮುಖ್ಯ ವ್ಯಾಪಾರದ ಸರಕಾಯಿತು.

ಬಟ್ಟಿ ಇಳಿಸಿದ ಬಳಿಕ ಉಳಿಯುವ ತ್ಯಾಜ್ಯದ್ರವವನ್ನು ಸ್ಪೆಂಟ್‌ವಾಷ್ ಎನ್ನುತ್ತಾರೆ. ಬಳಸುವ ತಂತ್ರಜ್ಞಾನವನ್ನು ಅವಲಂಬಿಸಿ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್‌ವಾಷ್ ಉತ್ಪತ್ತಿಯಾಗುತ್ತದೆ. ಇದರ ರಾಸಾಯನಿಕ ಆಮ್ಲಜನಕ ಬೇಡಿಕೆಯು (ಸಿಒಡಿ) ಲೀಟರ್‌ಗೆ ಸುಮಾರು 1 ಲಕ್ಷ ಮಿಲಿಗ್ರಾಂನ ಆಸುಪಾಸಿನಲ್ಲಿರುತ್ತದೆ. ಹೋಲಿಕೆಗೆ, ಸಕ್ಕರೆ ಕಾರ್ಖಾನೆಯು ಸಂಸ್ಕರಿಸಿದ ನೀರನ್ನು ಜಲಮೂಲಕ್ಕೆ ಬಿಡಬೇಕಾದರೆ ಅದರ ಜೈವಿಕ ಆಮ್ಲಜನಕ ಬೇಡಿಕೆಯು (ಬಿಒಡಿ) ಲೀಟರ್‌ಗೆ 30 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ.

ಹಸಿರುಮನೆ ಅನಿಲಗಳ ಲೆಕ್ಕ

ಮೂರು ವ್ಯಾಪ್ತಿಗಳು

ಕಂಪನಿಗಳ ಹಸಿರುಮನೆ ಅನಿಲ ಲೆಕ್ಕಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಎಂದರೆ ವಿಶ್ವ ಸಂಪನ್ಮೂಲ ಸಂಸ್ಥೆ ಮತ್ತು ಸುಸ್ಥಿರ ಅಭಿವೃದ್ಧಿಗಾಗಿನ ವಿಶ್ವ ವಾಣಿಜ್ಯ ಮಂಡಳಿ ರೂಪಿಸಿದ ‘ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್’. ಇದರ ಕಂಪನಿ ಮಾನದಂಡವು 2001ರಲ್ಲಿ ಪ್ರಕಟವಾಗಿ 2004ರಲ್ಲಿ ಪರಿಷ್ಕರಣೆಗೊಂಡಿತು. ಇದರಂತೆ ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸಲಾಗುತ್ತದೆ.

ವ್ಯಾಪ್ತಿ 1: ಸಂಸ್ಥೆಯ ಒಡೆತನ ಅಥವಾ ನಿಯಂತ್ರಣದಲ್ಲಿರುವ ಬಾಯ್ಲರ್, ವಾಹನ, ತ್ಯಾಜ್ಯದ್ರವದ ಹೊಂಡ ಮೊದಲಾದವುಗಳಿಂದ ನೇರವಾಗಿ ಹೊರಬೀಳುವ ಅನಿಲಗಳು.

ವ್ಯಾಪ್ತಿ 2: ಖರೀದಿಸಿದ ವಿದ್ಯುತ್ ಅಥವಾ ಉಗಿಯ ಉತ್ಪಾದನೆಯಲ್ಲಿ ಬೇರೆಡೆ ಹೊರಬಿದ್ದ ಅನಿಲಗಳು.

ವ್ಯಾಪ್ತಿ 3: ಖರೀದಿಸಿದ ಸರಕು, ಬೇರೆಯವರ ವಾಹನದ ಸಾಗಣೆ, ಮಾರಿದ ಸರಕಿನ ಬಳಕೆ ಮೊದಲಾದ ಸರಪಳಿಯ ಇತರ ಎಲ್ಲ ಹಂತಗಳ ಅನಿಲಗಳು. 2011ರ ಮಾನದಂಡವು ಇದನ್ನು 15 ವರ್ಗಗಳಾಗಿ ವಿಂಗಡಿಸಿದೆ.

ಸರಕು ವ್ಯಾಪಾರಿ ಸಂಸ್ಥೆಗೆ ಕಚೇರಿ, ಗೋದಾಮು ಮತ್ತು ಕೆಲವು ವಾಹನಗಳಷ್ಟೇ ಸ್ವಂತದ್ದಾಗಿರುವುದುಂಟು. ಅಂತಹ ಸಂಸ್ಥೆಯ ಮೊದಲ ಎರಡು ವ್ಯಾಪ್ತಿಗಳ ಅಂಕಿ ಚಿಕ್ಕದಾಗಿಯೇ ಇರುತ್ತದೆ. ಅದು ಕೊಂಡು ಮಾರುವ ಸಕ್ಕರೆಯ ಹೊರೆ ಹೊಲದಲ್ಲಿ, ಕಾರ್ಖಾನೆಯಲ್ಲಿ, ರಸ್ತೆಯಲ್ಲಿ ಉಂಟಾಗುತ್ತದೆ. ಆದ್ದರಿಂದ ಮೂರನೆಯ ವ್ಯಾಪ್ತಿಯನ್ನು ಬಿಟ್ಟ ವರದಿಯು ಸರಕು ವ್ಯಾಪಾರದ ನಿಜವಾದ ಪರಿಣಾಮವನ್ನು ತೋರಿಸುವುದಿಲ್ಲ.

ಸಾಗಣೆ

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 20 ಟನ್ ಸಕ್ಕರೆ ಹೊತ್ತ ಲಾರಿಯು ಲೀಟರ್‌ಗೆ 4 ಕಿ.ಮೀ. ಓಡುತ್ತದೆ ಎಂದು ಭಾವಿಸಿದರೆ, ವಿಜಯಪುರದಿಂದ ಸೊಲ್ಲಾಪುರಕ್ಕೆ ಒಂದು ಬಾರಿಯ ಪ್ರಯಾಣಕ್ಕೆ 25 ಲೀಟರ್ ಡೀಸೆಲ್ ಬೇಕು. ಅದರಿಂದ 67 ಕೆ.ಜಿ. ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಒಂದು ಟನ್ ಸಕ್ಕರೆಯ ಪಾಲಿಗೆ ಬರುವುದು ಸುಮಾರು 3.4 ಕೆ.ಜಿ. ಮಾತ್ರ.

ಹೊಲ

ಹೊಲದಲ್ಲಿ ಮುಖ್ಯವಾಗಿ ಎರಡು ಮೂಲಗಳಿವೆ. ಮೊದಲನೆಯದು ಸಾರಜನಕ ಗೊಬ್ಬರದಿಂದ ಹೊರಡುವ ನೈಟ್ರಸ್ ಆಕ್ಸೈಡ್. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) ಸಾಮಾನ್ಯ ಅಂದಾಜಿನಂತೆ, ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಶೇ 1ರಷ್ಟು ಈ ರೂಪದಲ್ಲಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ತಾಪ ಸಾಮರ್ಥ್ಯವು ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು. ಒಂದು ಟನ್ ಸಕ್ಕರೆಗೆ ಬೇಕಾದ ಕಬ್ಬಿಗೆ 25 ಕೆ.ಜಿ. ಸಾರಜನಕ ಬಳಸಲಾಗಿದೆ ಎಂದು ಇಟ್ಟುಕೊಂಡರೆ ಇದರಿಂದ ಬರುವ ಹೊರೆಯು ಸುಮಾರು 107 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಇದು ಮೇಲೆ ಹೇಳಿದ ಲಾರಿ ಸಾಗಣೆಯ 30 ಪಟ್ಟಿಗೂ ಹೆಚ್ಚು.

ಎರಡನೆಯದು ಕಟಾವಿನ ನಂತರ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುವುದು. ಇದರಿಂದ ಮೀಥೇನ್, ನೈಟ್ರಸ್ ಆಕ್ಸೈಡ್ ಹಾಗೂ ಮಸಿಯ ಕಣಗಳು ಹೊರಬೀಳುತ್ತವೆ. ಮಣ್ಣಿಗೆ ಸೇರಬೇಕಾದ ಸಾವಯವ ಅಂಶವೂ ನಷ್ಟವಾಗುತ್ತದೆ. ರವದಿಯನ್ನು ಪುಡಿಮಾಡಿ ಸಾಲುಗಳ ನಡುವೆ ಹೊದಿಸಿದರೆ ತೇವಾಂಶ ಉಳಿಯುತ್ತದೆ ಮತ್ತು ಕಳೆ ಕಡಿಮೆಯಾಗುತ್ತದೆ.

ಕಾರ್ಖಾನೆ ಮತ್ತು ತ್ಯಾಜ್ಯದ್ರವ

ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಉಗಿ ಮತ್ತು ವಿದ್ಯುತ್ ಉತ್ಪಾದಿಸುತ್ತವೆ. ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಮರಳಿ ಹೋಗುವುದರಿಂದ ಈ ಇಂಗಾಲದ ಡೈಆಕ್ಸೈಡನ್ನು ಮೂರು ವ್ಯಾಪ್ತಿಗಳ ಹೊರಗೆ, ಜೈವಿಕ ಮೂಲದ್ದೆಂದು ಪ್ರತ್ಯೇಕವಾಗಿ ತೋರಿಸಲಾಗುತ್ತದೆ. ಕಾಕಂಬಿ ಹುದುಗುವಾಗ ಪ್ರತಿ ಲೀಟರ್ ಎಥೆನಾಲ್‌ಗೆ ಹೊರಬರುವ ಸುಮಾರು 0.75 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಆದರೆ ಜೈವಿಕ ಮೂಲದ್ದೇ ಆದರೂ ಮೀಥೇನ್‌ಗೆ ಈ ವಿನಾಯಿತಿ ಇಲ್ಲ. ಅದನ್ನು ವ್ಯಾಪ್ತಿಗಳ ಒಳಗೇ ಲೆಕ್ಕ ಹಾಕಬೇಕು.

ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಕೊಳೆತರೆ ಒಂದು ಕೆ.ಜಿ. ಸಿಒಡಿಯಿಂದ ಗರಿಷ್ಠ 0.25 ಕೆ.ಜಿ. ಮೀಥೇನ್ ಉತ್ಪತ್ತಿಯಾಗಬಹುದು. ಒಂದು ಲೀಟರ್ ಎಥೆನಾಲ್‌ಗೆ 10 ಲೀಟರ್ ಸ್ಪೆಂಟ್‌ವಾಷ್ ಬಂದರೆ ಅದರಲ್ಲಿ ಸುಮಾರು 1 ಕೆ.ಜಿ. ಸಿಒಡಿ ಇರುತ್ತದೆ. ಜೈವಿಕ ಮೀಥೇನ್‌ನ ತಾಪ ಸಾಮರ್ಥ್ಯವನ್ನು 27 ಪಟ್ಟು ಎಂದು ಹಿಡಿದರೆ, ಒಂದು ಲೀಟರ್ ಎಥೆನಾಲ್‌ನ ಹಿಂದಿರುವ ಗರಿಷ್ಠ ಸಾಧ್ಯ ಹೊರೆಯು ಸುಮಾರು 6.75 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಐಪಿಸಿಸಿಯ 2006ರ ಮಾರ್ಗಸೂಚಿಯು 2 ಮೀಟರ್‌ಗಿಂತ ಆಳದ ತೆರೆದ ಹೊಂಡದಲ್ಲಿ ಇದರ ಶೇ 80ರಷ್ಟು, ಆಳವಿಲ್ಲದ ಹೊಂಡದಲ್ಲಿ ಶೇ 20ರಷ್ಟು ಮೀಥೇನ್ ಆಗುತ್ತದೆಂದು ಅಂದಾಜಿಸುತ್ತದೆ. ಅಂದರೆ ಅನುಕ್ರಮವಾಗಿ 5.4 ಕೆ.ಜಿ. ಮತ್ತು 1.35 ಕೆ.ಜಿ.

ಇದನ್ನು ಎಥೆನಾಲ್‌ನಿಂದ ಆಗುವ ಉಳಿತಾಯದೊಂದಿಗೆ ಹೋಲಿಸಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಎಥೆನಾಲ್‌ನ ಶಕ್ತಿಯು ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಇರುವುದರಿಂದ ಒಂದು ಲೀಟರ್ ಎಥೆನಾಲ್ ತಪ್ಪಿಸುವುದು ಸುಮಾರು 1.5 ಕೆ.ಜಿ.ಯಷ್ಟನ್ನು. ಆದ್ದರಿಂದ ಸ್ಪೆಂಟ್‌ವಾಷ್ ಆಳದ ತೆರೆದ ಹೊಂಡದಲ್ಲಿ ನಿಂತರೆ ಈ ಉಳಿತಾಯದ ಮೂರು ಪಟ್ಟಿಗೂ ಹೆಚ್ಚಿನ ಹೊರೆ ಬೀಳುತ್ತದೆ. ಆಳವಿಲ್ಲದ ಹೊಂಡದಲ್ಲಿಯೂ ಉಳಿತಾಯದ ಬಹುಭಾಗ ಕರಗಿಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಅದೇ ಮೀಥೇನನ್ನು ಹಿಡಿದು ಉರಿಸಿದರೆ ಇಂಧನವಾಗುತ್ತದೆ. ಎಥೆನಾಲ್ ಹಸಿರು ಇಂಧನವೇ ಅಲ್ಲವೇ ಎಂಬುದು ಹೀಗೆ ಬಹುಮಟ್ಟಿಗೆ ಡಿಸ್ಟಿಲರಿಯ ತ್ಯಾಜ್ಯದ್ರವದ ನಿರ್ವಹಣೆಯ ಮೇಲೆ ನಿಂತಿದೆ.

ಸಕ್ಕರೆಯ ಲೆಕ್ಕದಲ್ಲಿಯೂ ಇದೇ ಚಿತ್ರ ಕಾಣುತ್ತದೆ. ಒಂದು ಟನ್ ಸಕ್ಕರೆಯ ಜೊತೆಗೆ ಬರುವ ಸುಮಾರು 400 ಕೆ.ಜಿ. ಕಾಕಂಬಿಯಿಂದ 90 ಲೀಟರ್ ಎಥೆನಾಲ್ ತಯಾರಿಸಿ ಅದರ ಸ್ಪೆಂಟ್‌ವಾಷನ್ನು ಆಳದ ತೆರೆದ ಹೊಂಡದಲ್ಲಿ ಬಿಟ್ಟರೆ ಸುಮಾರು 490 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಉಂಟಾಗುತ್ತದೆ. ಸೊಲ್ಲಾಪುರದವರೆಗಿನ ಸಾಗಣೆಯ 3.4 ಕೆ.ಜಿ. ಮತ್ತು ಗೊಬ್ಬರದ 107 ಕೆ.ಜಿ.ಗಳ ಪಕ್ಕದಲ್ಲಿ ಇಟ್ಟು ನೋಡಿದಾಗ, ಯಾವ ಹಂತದ ಸುಧಾರಣೆಯಿಂದ ಹೆಚ್ಚು ಫಲ ಎಂಬುದು ಸ್ಪಷ್ಟವಾಗುತ್ತದೆ.

ಸೋರಿಕೆಯ ಸ್ವರೂಪ

ಕಾಕಂಬಿ ವಿಷವಲ್ಲ, ಅದನ್ನು ದನಕರುಗಳ ಮೇವಿನಲ್ಲಿಯೂ ಬಳಸುತ್ತಾರೆ. ಆದರೂ ನೀರಿಗೆ ಬಿದ್ದಾಗ ಅದು ಜಲಚರಗಳಿಗೆ ಮಾರಕವಾಗುತ್ತದೆ. ಅದರಲ್ಲಿನ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಒಮ್ಮೆಗೇ ವೃದ್ಧಿಯಾಗಿ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಈ ಪರಿಣಾಮದ ಗಾತ್ರವನ್ನು ಸರಳ ಲೆಕ್ಕದಿಂದ ಅಂದಾಜಿಸಬಹುದು. ಒಂದು ಟನ್ ಕಾಕಂಬಿಯಲ್ಲಿರುವ ಸುಮಾರು 500 ಕೆ.ಜಿ. ಸಕ್ಕರೆ ಪೂರ್ಣವಾಗಿ ಉತ್ಕರ್ಷಣಗೊಳ್ಳಲು ಸುಮಾರು 550 ಕೆ.ಜಿ. ಆಮ್ಲಜನಕ ಬೇಕು. ಬೆಚ್ಚಗಿನ ನದಿನೀರಿನಲ್ಲಿ ಲೀಟರ್‌ಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಆದ್ದರಿಂದ ಒಂದು ಟನ್ ಕಾಕಂಬಿಯು ಸುಮಾರು 7 ಕೋಟಿ ಲೀಟರ್ ನೀರಿನ ಆಮ್ಲಜನಕಕ್ಕೆ ಸಮನಾದ ಬೇಡಿಕೆಯನ್ನು ಉಂಟುಮಾಡುತ್ತದೆ. 20 ಟನ್‌ನ ಒಂದು ಟ್ಯಾಂಕರ್ ಉರುಳಿದರೆ ಇದು ಸುಮಾರು 140 ಕೋಟಿ ಲೀಟರ್‌ಗೆ ಏರುತ್ತದೆ. ಹರಿಯುವ ನದಿಯು ಗಾಳಿಯಿಂದ ಮತ್ತೆ ಆಮ್ಲಜನಕ ಪಡೆಯುವುದರಿಂದ ವಾಸ್ತವದ ಹಾನಿ ಇದಕ್ಕಿಂತ ಕಡಿಮೆಯಾಗಬಹುದು. ಆದರೆ ಬೇಸಿಗೆಯಲ್ಲಿ ಮಡುಗಳಾಗಿ ನಿಂತ ನೀರಿಗೆ ಆ ಅವಕಾಶ ಕಡಿಮೆ.

ಕಚ್ಚಾತೈಲದ ಸೋರಿಕೆಗೂ ಕಾಕಂಬಿಯ ಸೋರಿಕೆಗೂ ದೊಡ್ಡ ವ್ಯತ್ಯಾಸವಿದೆ. ತೈಲವು ನೀರಿನ ಮೇಲೆ ತೇಲುವುದರಿಂದ ತೇಲುಬೇಲಿ ಹಾಕಿ ಒಂದಿಷ್ಟನ್ನು ತೆಗೆಯಬಹುದು. ಕಾಕಂಬಿಯು ನೀರಿಗಿಂತ ಸುಮಾರು 1.4 ಪಟ್ಟು ಸಾಂದ್ರವಾಗಿದ್ದು ಮುಳುಗುತ್ತದೆ, ನಂತರ ಕರಗುತ್ತದೆ. ನೀರು ಸೇರಿದ ಮೇಲೆ ಅದನ್ನು ಹಿಂಪಡೆಯುವ ಪ್ರಾಯೋಗಿಕ ವಿಧಾನವಿಲ್ಲ. ಎಥೆನಾಲ್ ಕೂಡ ನೀರಿನೊಂದಿಗೆ ಪೂರ್ಣವಾಗಿ ಬೆರೆಯುತ್ತದೆ. ಜೊತೆಗೆ ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದುದರಿಂದ ಬೆಂಕಿಯ ಅಪಾಯವೂ ಇದೆ. ವಿಜಯಪುರ ಭಾಗದ ಎರೆಭೂಮಿಯು ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಅಂತಹ ನೆಲದ ಮೇಲೆ ಚೆಲ್ಲಿದ ತೆಳುದ್ರವವು ಬಿರುಕುಗಳ ಮೂಲಕ ಬೇಗನೆ ಕೆಳಗಿಳಿಯಬಲ್ಲದು.

ಕಾಲವೂ ಅಪಾಯವನ್ನು ಹೆಚ್ಚಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್–ಏಪ್ರಿಲ್ ವೇಳೆಗೆ ಮುಗಿಯುತ್ತದೆ. ಹಂಗಾಮಿನ ಕೊನೆಗೆ ತುಂಬಿದ ತೊಟ್ಟಿಗಳು ಬೇಸಿಗೆಯನ್ನು ಎದುರಿಸಬೇಕು. ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದ ಕಾಕಂಬಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು ತಾವೇ ಇನ್ನಷ್ಟು ಶಾಖವನ್ನೂ ಅನಿಲವನ್ನೂ ಉಂಟುಮಾಡುತ್ತವೆ; ದ್ರವವು ನೊರೆಯಾಗಿ ಉಕ್ಕುತ್ತದೆ. ವಿಜಯಪುರದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿಯನ್ನು ಮುಟ್ಟುವುದು ಸಾಮಾನ್ಯ. ನದಿಗಳಲ್ಲಿ ನೀರು ಅತಿ ಕಡಿಮೆ ಇರುವುದೂ ಅದೇ ತಿಂಗಳುಗಳಲ್ಲಿ.

ಪ್ರಮುಖ ಘಟನೆಗಳು

ಬಾಸ್ಟನ್, 1919: ಅಮೆರಿಕದ ಬಾಸ್ಟನ್ ನಗರದಲ್ಲಿ 1919ರ ಜನವರಿ 15ರಂದು ಕೈಗಾರಿಕಾ ಆಲ್ಕೊಹಾಲ್ ತಯಾರಿಕೆಗೆಂದು ಸಂಗ್ರಹಿಸಿದ್ದ ಕಾಕಂಬಿಯ ಬೃಹತ್ ತೊಟ್ಟಿ ಒಡೆಯಿತು. ಬೀದಿಗಳಲ್ಲಿ ನುಗ್ಗಿದ ಕಾಕಂಬಿಯ ಪ್ರವಾಹಕ್ಕೆ ಸಿಲುಕಿ 21 ಜನರು ಮೃತಪಟ್ಟರು. ಸುಮಾರು 150 ಜನರು ಗಾಯಗೊಂಡರು. ತೊಟ್ಟಿಯ ದುರ್ಬಲ ನಿರ್ಮಾಣವು ಈ ದುರಂತದ ಮುಖ್ಯ ಕಾರಣವಾಗಿತ್ತು.

ಹೊನೊಲುಲು, 2013: ಹವಾಯಿಯ ಹೊನೊಲುಲು ಬಂದರಿನಲ್ಲಿ ಸೆಪ್ಟೆಂಬರ್ 2013ರಲ್ಲಿ ಹಡಗಿಗೆ ಕಾಕಂಬಿ ತುಂಬುವ ಕೊಳವೆ ಸೋರಿ ಸುಮಾರು 1,400 ಟನ್ ಕಾಕಂಬಿ ಸಮುದ್ರ ಸೇರಿತು. 26 ಸಾವಿರಕ್ಕೂ ಹೆಚ್ಚು ಮೀನು ಹಾಗೂ ಇತರ ಜಲಚರಗಳು ಸತ್ತವು. ತಳಕ್ಕಿಳಿದ ಕಾಕಂಬಿಯನ್ನು ತೆಗೆಯಲಾಗದೆ, ಅದು ನೈಸರ್ಗಿಕವಾಗಿ ಚದುರುವವರೆಗೆ ಕಾಯಬೇಕಾಯಿತು.

ಬಿಯಾಸ್ ನದಿ, 2018: ಪಂಜಾಬಿನ ಗುರುದಾಸಪುರ ಜಿಲ್ಲೆಯ ಕೀಡಿ ಅಫ್ಘಾನಾ ಗ್ರಾಮದ ಸಕ್ಕರೆ ಕಾರ್ಖಾನೆಯಿಂದ ಮೇ 2018ರಲ್ಲಿ ಹೊರಚೆಲ್ಲಿದ ಕಾಕಂಬಿಯು ಬಿಯಾಸ್ ನದಿಯನ್ನು ಸೇರಿತು. ಅಪಾರ ಸಂಖ್ಯೆಯ ಮೀನುಗಳು ಸತ್ತವು. ಈ ನದಿಯು ಸಿಂಧೂ ಡಾಲ್ಫಿನ್‌ನ ನೆಲೆಯೂ ಆಗಿದೆ. ಪಂಜಾಬ್ ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು.

ಕೃಷ್ಣಾ ಕೊಳ್ಳದ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಪಂಚಗಂಗಾ ನದಿಯಲ್ಲಿ ಮೀನುಗಳ ಸಾಮೂಹಿಕ ಸಾವು ಹಲವು ಬಾರಿ ವರದಿಯಾಗಿದೆ. ನಗರಗಳ ಕೊಳಚೆ ಮತ್ತು ಕೈಗಾರಿಕೆಗಳ ತ್ಯಾಜ್ಯನೀರು ಎರಡೂ ಅಲ್ಲಿನ ಮಾಲಿನ್ಯಕ್ಕೆ ಕಾರಣಗಳು. ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಬೆಳಗಾವಿ ಜಿಲ್ಲೆಯ ಮೂಲಕ ಆಲಮಟ್ಟಿಯತ್ತ ಹರಿಯುತ್ತದೆ.

ತಡೆ ಮತ್ತು ತುರ್ತು ಕ್ರಮಗಳು

ಕಾಕಂಬಿಯನ್ನು ನೀರಿನಿಂದ ಹಿಂಪಡೆಯಲಾಗದ ಕಾರಣ ಎಲ್ಲ ಕ್ರಮಗಳ ಗುರಿಯೂ ಅದು ನೀರನ್ನು ಮುಟ್ಟದಂತೆ ನೋಡಿಕೊಳ್ಳುವುದೇ ಆಗಿರುತ್ತದೆ.

ಸಂಗ್ರಹದ ಹಂತದಲ್ಲಿ ಉಕ್ಕಿನ ತೊಟ್ಟಿಗಳನ್ನು ಬಳಸಿ, ಸುತ್ತಲೂ ಸೋರದ ತಳವಿರುವ ತಡೆಗೋಡೆ ಕಟ್ಟಲಾಗುತ್ತದೆ. ಒಳಗಿರುವ ಅತಿದೊಡ್ಡ ತೊಟ್ಟಿಯ ಶೇ 110ರಷ್ಟು ದ್ರವವನ್ನು ಈ ಆವರಣವು ಹಿಡಿಯುವಂತಿರಬೇಕು ಎಂಬುದು ಉದ್ಯಮದಲ್ಲಿ ಬಳಕೆಯಲ್ಲಿರುವ ಅಳತೆ. ಉಷ್ಣಾಂಶವನ್ನು ಪ್ರತಿದಿನ ದಾಖಲಿಸುವುದು, ಬೇಸಿಗೆಯಲ್ಲಿ ತೊಟ್ಟಿಯ ಹೊರಮೈಗೆ ನೀರು ಸಿಂಪಡಿಸಿ ತಂಪಾಗಿಡುವುದು, ಮೇಲ್ಭಾಗದಲ್ಲಿ ನೊರೆಗೆ ಜಾಗ ಬಿಡುವುದು ಮತ್ತು ಮಳೆನೀರಿನ ಚರಂಡಿಯನ್ನು ಆವರಣದಿಂದ ಬೇರ್ಪಡಿಸುವುದು ಅಗತ್ಯ.

ಸ್ಪೆಂಟ್‌ವಾಷ್ ವಿಷಯದಲ್ಲಿ ಡಿಸ್ಟಿಲರಿಗಳು ಒಂದು ಹನಿಯನ್ನೂ ಹೊರಬಿಡದ ‘ಶೂನ್ಯ ದ್ರವ ವಿಸರ್ಜನೆ’ ವ್ಯವಸ್ಥೆಯನ್ನು ಪಾಲಿಸಬೇಕಾಗುತ್ತದೆ. ಇದಕ್ಕೆ ಮೂರು ಮುಖ್ಯ ವಿಧಾನಗಳಿವೆ: ಮುಚ್ಚಿದ ತೊಟ್ಟಿಯಲ್ಲಿ ಜೈವಿಕ ಅನಿಲ ಉತ್ಪಾದನೆ, ಪ್ರೆಸ್‌ಮಡ್‌ನೊಂದಿಗೆ ಬೆರೆಸಿ ಗೊಬ್ಬರ ತಯಾರಿಕೆ, ಹಾಗೂ ಆವಿಯಾಗಿಸಿ ದಟ್ಟಗೊಳಿಸಿ ವಿಶೇಷ ಬಾಯ್ಲರ್‌ನಲ್ಲಿ ಉರಿಸುವುದು. ಪ್ರತಿಯೊಂದಕ್ಕೂ ಮಿತಿಯಿದೆ. ಗೊಬ್ಬರದ ಅಂಗಳದಿಂದ ಮಳೆಗಾಲದಲ್ಲಿ ದ್ರವ ಹರಿಯುವ ಅಪಾಯವಿರುವುದರಿಂದ ಆಗ ಆ ಕೆಲಸವನ್ನು ನಿಲ್ಲಿಸಬೇಕು. ಬಾಯ್ಲರ್‌ಗೆ ಪೂರಕ ಇಂಧನವಾಗಿ ಕಲ್ಲಿದ್ದಲನ್ನು ಬಳಸಿದರೆ ಸೋರಿಕೆ ತಪ್ಪಿದರೂ ವ್ಯಾಪ್ತಿ 1ರ ಹೊರಸೂಸುವಿಕೆ ಹೆಚ್ಚುತ್ತದೆ. ಅದರ ಬದಲು ಕಬ್ಬಿನ ಸಿಪ್ಪೆಯನ್ನು ಬಳಸಿದರೆ ಎರಡೂ ತಗ್ಗುತ್ತವೆ. ಬಾಯ್ಲರ್‌ನ ಬೂದಿಯು ಪೊಟ್ಯಾಷ್ ಗೊಬ್ಬರವಾಗಿ ಹೊಲಕ್ಕೆ ಮರಳಬಲ್ಲದು.

ರಸ್ತೆಯಲ್ಲಿ ಟ್ಯಾಂಕರ್ ಉರುಳಿದಾಗ ಅನುಸರಿಸಬೇಕಾದ ಕ್ರಮಗಳು ಹೀಗಿವೆ:

1. ಒಳಗಿರುವ ದ್ರವ ಯಾವುದೆಂದು ವಾಹನದ ಮೇಲಿನ ಫಲಕ ಮತ್ತು ಚಾಲಕನ ಬಳಿಯ ತುರ್ತು ಮಾಹಿತಿ ಪತ್ರದಿಂದ ಮೊದಲು ತಿಳಿಯಬೇಕು. ಎಥೆನಾಲ್‌ನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ 1170. ಎಥೆನಾಲ್ ಆಗಿದ್ದರೆ ಬೆಂಕಿಯ ಕಿಡಿಗೆ ಅವಕಾಶ ಕೊಡದೆ ಜನರನ್ನು ದೂರ ಸರಿಸಬೇಕು. ಅದರ ಬೆಂಕಿಗೆ ಆಲ್ಕೊಹಾಲ್‌ನಲ್ಲಿ ಒಡೆಯದ ವಿಶೇಷ ನೊರೆ ಬೇಕು.

2. ದ್ರವ ಹರಿಯುವ ದಿಕ್ಕಿನಲ್ಲಿ ಮಣ್ಣಿನ ಒಡ್ಡು ಹಾಕಿ ಚರಂಡಿ, ಕಾಲುವೆ, ಹಳ್ಳಗಳ ಬಾಯಿ ಮುಚ್ಚಬೇಕು.

3. ಕಾಕಂಬಿಯನ್ನು ನೀರು ಹಾಯಿಸಿ ತೊಳೆಯಬಾರದು. ತೊಳೆದರೆ ರಸ್ತೆ ಸ್ವಚ್ಛವಾಗುತ್ತದೆ, ಹಳ್ಳ ಕೆಡುತ್ತದೆ. ಪಂಪ್ ಮಾಡಿ ಎತ್ತಬೇಕು. ಉಳಿದುದನ್ನು ಮಣ್ಣು ಅಥವಾ ಕಬ್ಬಿನ ಸಿಪ್ಪೆಯಲ್ಲಿ ಹೀರಿಸಿ ಬಳಿದು ತೆಗೆಯಬೇಕು.

4. ದ್ರವವು ನೀರನ್ನು ಸೇರಿದ್ದರೆ ಕೆಳಗಿನ ಗ್ರಾಮಗಳ ಕುಡಿಯುವ ನೀರಿನ ಘಟಕಗಳಿಗೆ ತಕ್ಷಣ ತಿಳಿಸಿ ಪಂಪ್‌ಗಳನ್ನು ನಿಲ್ಲಿಸಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹಲವು ಸ್ಥಳಗಳಲ್ಲಿ ಅಳೆಯುತ್ತಿರಬೇಕು.

5. ಕಾಕಂಬಿ ಅಥವಾ ಸ್ಪೆಂಟ್‌ವಾಷ್‌ನ ಖಾಲಿ ತೊಟ್ಟಿಯೊಳಗೆ ಗಾಳಿಯನ್ನು ಪರೀಕ್ಷಿಸದೆ ಯಾರೂ ಇಳಿಯಬಾರದು. ತಳದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಇಲ್ಲದಿರಬಹುದು. ರಕ್ಷಿಸಲು ಇಳಿದವರೂ ಪ್ರಾಣ ಕಳೆದುಕೊಳ್ಳುವ ಅಪಾಯವಿದೆ.

ಕಾನೂನು ಮತ್ತು ಹೊಣೆಗಾರಿಕೆ

1974ರ ಜಲ (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯ್ದೆಯ 24ನೇ ಕಲಮು ಹೊಳೆ, ಬಾವಿ ಅಥವಾ ನೆಲಕ್ಕೆ ಮಾಲಿನ್ಯಕಾರಕಗಳನ್ನು ಬಿಡುವುದನ್ನು ನಿಷೇಧಿಸುತ್ತದೆ. ಅಪಘಾತದಿಂದ ಸೋರಿಕೆಯಾದಾಗ ಸ್ಥಳದ ಹೊಣೆ ಹೊತ್ತವರು ರಾಜ್ಯ ಮಂಡಳಿಗೆ ಕೂಡಲೇ ತಿಳಿಸಬೇಕೆಂದು 31ನೇ ಕಲಮು ವಿಧಿಸುತ್ತದೆ. ಕರ್ನಾಟಕದಲ್ಲಿ ಇದರ ಜಾರಿಯ ಹೊಣೆ 1974ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಸಕ್ಕರೆ ಮತ್ತು ಡಿಸ್ಟಿಲರಿ ಎರಡೂ ಅತಿ ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಲಾದ 17 ಕೈಗಾರಿಕಾ ವರ್ಗಗಳಲ್ಲಿ ಸೇರಿವೆ. ಸಕ್ಕರೆ ಕಾರ್ಖಾನೆಗಳಿಗೆ 2016ರಲ್ಲಿ ಪರಿಷ್ಕರಿಸಿದ ನಿಯಮಗಳು ಪ್ರತಿ ಟನ್ ಕಬ್ಬಿಗೆ ಹೊರಬಿಡಬಹುದಾದ ಸಂಸ್ಕರಿತ ನೀರನ್ನು 200 ಲೀಟರ್‌ಗೆ ಮಿತಿಗೊಳಿಸಿವೆ.

1986ರ ಪರಿಸರ (ಸಂರಕ್ಷಣೆ) ಕಾಯ್ದೆಯಲ್ಲಿ ಒಂದು ವಸ್ತುವಿನ ‘ನಿರ್ವಹಣೆ’ ಎಂದರೆ ಉತ್ಪಾದನೆಯಷ್ಟೇ ಅಲ್ಲ. ಸಂಗ್ರಹ, ಸಾಗಣೆ, ಮಾರಾಟ, ವರ್ಗಾವಣೆಗಳೂ ಸೇರುತ್ತವೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯು ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ಅನ್ವಯಿಸಲು ನ್ಯಾಯಮಂಡಳಿಗೆ ಸೂಚಿಸುತ್ತದೆ. ಸುಪ್ರೀಂ ಕೋರ್ಟ್ 1996ರ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಈ ತತ್ವವನ್ನು ದೇಶದ ಕಾನೂನಿನ ಭಾಗವೆಂದು ಒಪ್ಪಿತ್ತು. ಅಪಾಯಕಾರಿ ಸರಕು ಸಾಗಿಸುವ ವಾಹನಗಳು ತುರ್ತು ಮಾಹಿತಿ ಫಲಕ ಹೊಂದಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ.

ಸಕ್ಕರೆ ವ್ಯಾಪಾರದಲ್ಲಿ ಕಾರ್ಖಾನೆಯ ಬಾಗಿಲಿನ ದರದಲ್ಲಿ ಮಾರಾಟ ಮಾಡುವ ಪದ್ಧತಿ ವ್ಯಾಪಕವಾಗಿದೆ. 1930ರ ಸರಕು ಮಾರಾಟ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನದ ಜೊತೆಗೇ ನಷ್ಟದ ಅಪಾಯವೂ ಕೊಳ್ಳುವವರಿಗೆ ವರ್ಗವಾಗುತ್ತದೆ. ಅಂದರೆ ಲಾರಿ ಬಾಗಿಲು ದಾಟಿದ ಮೇಲೆ ಸಾಗಣೆಯ ಹೊರಸೂಸುವಿಕೆಯೂ ದಾರಿಯಲ್ಲಿನ ಸರಕಿನ ನಷ್ಟವೂ ಸಾಮಾನ್ಯವಾಗಿ ಕೊಳ್ಳುವವರ ಲೆಕ್ಕಕ್ಕೆ ಬರುತ್ತವೆ. ಆದರೆ ಇದು ಮಾರುವವರು ಮತ್ತು ಕೊಳ್ಳುವವರ ನಡುವಿನ ಹಂಚಿಕೆಯಷ್ಟೇ. ನದಿಗೆ ಆದ ಹಾನಿಯ ಹೊಣೆಯನ್ನು ಪರಿಸರ ಕಾನೂನು ಪ್ರತ್ಯೇಕವಾಗಿ ನಿರ್ಧರಿಸುತ್ತದೆ. ಸೋರಿಕೆಯ ಮಾಹಿತಿ ಯಾರು ಕೊಡಬೇಕು, ತೆರವಿನ ವೆಚ್ಚ ಯಾರದು, ಟ್ಯಾಂಕರ್ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಖರೀದಿ ಮತ್ತು ಸಾಗಣೆಯ ಒಪ್ಪಂದಗಳಲ್ಲೇ ಬರೆದಿಟ್ಟರೆ ತುರ್ತು ಸಮಯದಲ್ಲಿ ವಿಳಂಬ ತಪ್ಪುತ್ತದೆ.

ವರದಿಗಾರಿಕೆ

ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿಯು (ಸೆಬಿ) 2021ರಲ್ಲಿ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’ಯನ್ನು ಜಾರಿಗೆ ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಇದು 2022–23ರಿಂದ ಕಡ್ಡಾಯವಾಯಿತು. ಈ ನಮೂನೆಯಲ್ಲಿ ಮೊದಲ ಎರಡು ವ್ಯಾಪ್ತಿಗಳ ಹೊರಸೂಸುವಿಕೆ ಮತ್ತು ಶೂನ್ಯ ದ್ರವ ವಿಸರ್ಜನೆಯ ವಿವರಗಳು ಅಗತ್ಯ ಸೂಚಕಗಳಾಗಿವೆ. ವ್ಯಾಪ್ತಿ 3 ಮತ್ತು ವಿಪತ್ತು ನಿರ್ವಹಣಾ ಯೋಜನೆಗಳನ್ನು ಸ್ವಯಂಪ್ರೇರಿತ ಸೂಚಕಗಳ ಗುಂಪಿನಲ್ಲಿ ಇರಿಸಲಾಗಿತ್ತು.

ಈ ಭಾಗದ ದೊಡ್ಡ ಸಕ್ಕರೆ ಕಂಪನಿಗಳಲ್ಲಿ ಒಂದಾದ ಶ್ರೀ ರೇಣುಕಾ ಶುಗರ್ಸ್ 1995ರಲ್ಲಿ ಸ್ಥಾಪನೆಯಾಗಿದ್ದು, ಅದರ ನೋಂದಾಯಿತ ಕಚೇರಿ ಬೆಳಗಾವಿಯಲ್ಲಿದೆ. ಷೇರುಪೇಟೆಯಲ್ಲಿರುವ ಈ ಕಂಪನಿಯು 2018ರಿಂದ ಸಿಂಗಪುರದ ಸರಕು ವ್ಯಾಪಾರಿ ಸಮೂಹವಾದ ವಿಲ್ಮಾರ್‌ನ ನಿಯಂತ್ರಣದಲ್ಲಿದೆ. ಇಂತಹ ಸಂದರ್ಭದಲ್ಲಿ ಉತ್ತರ ಕರ್ನಾಟಕದ ಕಬ್ಬಿನ ಹೊಲದ ಹೊರಸೂಸುವಿಕೆಯು ಬೇರೆ ದೇಶದ ಸಮೂಹವೊಂದರ ಮೂರನೆಯ ವ್ಯಾಪ್ತಿಯ ಲೆಕ್ಕಕ್ಕೂ ಸಂಬಂಧಿಸಿದ್ದಾಗುತ್ತದೆ.

ಮಿತಿಗಳು

ಸೆಬಿಯ ನಿಯಮವು ಷೇರುಪೇಟೆಯ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ. ಸಹಕಾರಿ ಕಾರ್ಖಾನೆಗಳು, ಷೇರುಪೇಟೆಯಲ್ಲಿಲ್ಲದ ಖಾಸಗಿ ಕಾರ್ಖಾನೆಗಳು ಮತ್ತು ಸ್ಥಳೀಯ ವ್ಯಾಪಾರಿಗಳು ಇದರ ಹೊರಗಿದ್ದಾರೆ. ಮಾಲಿನ್ಯ ನಿಯಂತ್ರಣ ಕಾಯ್ದೆಗಳು ಮಾತ್ರ ಎಲ್ಲರಿಗೂ ಅನ್ವಯಿಸುತ್ತವೆ. ಒಂದೇ ಹೊರಸೂಸುವಿಕೆಯು ಕಾರ್ಖಾನೆಗೆ ವ್ಯಾಪ್ತಿ 1, ವ್ಯಾಪಾರಿಗೆ ವ್ಯಾಪ್ತಿ 3 ಆಗಿ ಎರಡು ಕಡೆ ದಾಖಲಾಗುವುದರಿಂದ ಬೇರೆ ಬೇರೆ ಸಂಸ್ಥೆಗಳ ಅಂಕಿಗಳನ್ನು ಕೂಡಿಸಿ ಒಟ್ಟು ತೆಗೆಯಲಾಗದು. ಹೊಲದ ಅಂಕಿಗಳು ಹೆಚ್ಚಾಗಿ ಸರಾಸರಿ ಅಂದಾಜುಗಳನ್ನು ಆಧರಿಸಿರುತ್ತವೆ. ಸಕ್ಕರೆ, ಕಾಕಂಬಿ ಮತ್ತು ವಿದ್ಯುತ್‌ನ ನಡುವೆ ಹೊರೆಯನ್ನು ತೂಕದಿಂದ, ಬೆಲೆಯಿಂದ ಅಥವಾ ಶಕ್ತಿಯಿಂದ ಹಂಚಿದಾಗ ಪ್ರತಿಯೊಂದರಲ್ಲೂ ಬೇರೆ ಫಲಿತಾಂಶ ಬರುತ್ತದೆ.

ಸೋರಿಕೆಯನ್ನು ಎಣಿಸುವ ಕ್ರಮದಲ್ಲಿಯೂ ಕೊರತೆಯಿದೆ. ಹೊರಚೆಲ್ಲಿದ ಟನ್‌ಗಳ ಸಂಖ್ಯೆಯಷ್ಟೇ ಹಾನಿಯನ್ನು ಹೇಳುವುದಿಲ್ಲ. ಮಳೆಗಾಲದಲ್ಲಿ ತುಂಬಿ ಹರಿಯುವ ಕೃಷ್ಣೆಗೆ ಬಿದ್ದ ಒಂದು ಟನ್ ಕಾಕಂಬಿಗೂ ಮೇ ತಿಂಗಳಿನಲ್ಲಿ ಡೋಣಿಯ ಮಡುವಿಗೆ ಬಿದ್ದ ಒಂದು ಟನ್‌ಗೂ ಪರಿಣಾಮದಲ್ಲಿ ಬಹಳ ಅಂತರವಿದೆ. ತೆರೆದ ಹೊಂಡದಿಂದ ನಿಧಾನವಾಗಿ ಹೊರಡುವ ಮೀಥೇನ್ ಮೀನುಗಳ ಸಾವಿನಂತೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅದು ಸೋರಿಕೆ ಎಂದು ದಾಖಲಾಗುವುದೂ ಇಲ್ಲ. ಹೊಂಡಗಳ ಆಳ, ದ್ರವದ ಪ್ರಮಾಣ ಮತ್ತು ಸಿಒಡಿಯನ್ನು ನಿಯಮಿತವಾಗಿ ಅಳೆದು ಒಂದೇ ಪುಸ್ತಕದಲ್ಲಿ ದಾಖಲಿಸಿದರೆ ಆ ಮೂರು ಅಂಕಿಗಳಿಂದಲೇ ನೀರಿನ ಅಪಾಯ ಮತ್ತು ಗಾಳಿಯ ಹೊರೆ ಎರಡನ್ನೂ ಅಂದಾಜಿಸಬಹುದು.

ಇದನ್ನೂ ನೋಡಿ

ಕಬ್ಬು
ಕಾಕಂಬಿ
ಎಥೆನಾಲ್
ಹಸಿರುಮನೆ ಪರಿಣಾಮ
ಜಲ ಮಾಲಿನ್ಯ
ಡೋಣಿ ನದಿ
ಆಲಮಟ್ಟಿ ಜಲಾಶಯ
ವಿಜಯಪುರ ಜಿಲ್ಲೆ